ಕಿಟಿಕಿಯಲ್ಲಿಟ್ಟ ದೀಪ

ಯೆಹೂದ್ಯರ ಪ್ರತಿಷ್ಠೆಯ ಹಬ್ಬವಾದ ಹನುಕ್ಕಾ ಎಂಟು ದಿವಸದ ದೀಪದ ಹಬ್ಬವು. ನಮ್ಮ ಕರ್ತನೂ ಆ ಹಬ್ಬದ ಕಾಲದಲ್ಲಿ ದೇವಾಲಯದೊಳಗೆ ತಿರುಗಾಡುತ್ತಿದ್ದನೆಂದು ಯೋಹಾನನ ಸುವಾರ್ತೆಯಿಂದ ಬಲ್ಲೆವು. ದೀಪಸ್ತಂಭವನ್ನು ಬೀದಿಯವರಿಗೆ ಕಾಣುವಂತೆ ಕಿಟಿಕಿಯಲ್ಲಿಡುವದು ಯೆಹೂದ್ಯರ ಪದ್ಧತಿ.

1993ನೆಯ ಇಸವಿ ಡಿಸೆಂಬರಿನಲ್ಲಿ ಅಮೇರಿಕಾ ದೇಶದ ಮೊಂಟಾನಾ ಸಂಸ್ಥಾನದ ಬಿಲಿಂಗ್ಸ್ ಪಟ್ಟಣದಲ್ಲಿ ಅಂಥ ಒಂದು ಕಿಟಿಕಿಗೆ ಯಾರೋ ಕಲ್ಲೆಸೆದರು. ಅದು ಐದು ವರುಷದ ಹುಡುಗನು ಮಲಗುವ ಕೋಣೆ. ಹಬ್ಬದ ಗುರುತನ್ನು ತೆಗೆದುಬಿಡುವದು ಲೇಸೆಂದು ಪೊಲೀಸಿನವನು ತಾಯಿಗೆ ಬುದ್ಧಿ ಹೇಳಿದನು. ಹಿತದ ಮಾತೇ, ನಾವಾದರೂ ನೆರೆಯವರಿಗೆ ಅದನ್ನೇ ಹೇಳುತ್ತಿದ್ದೆವೇನೋ. ಆದರೆ ಹಾಗೆ ತೆಗೆದರೆ ಕಲ್ಲೆಸೆದವನ ಇಷ್ಟವೇ ನೆರವೇರಿತಲ್ಲವೇ?

ಆ ಊರಿನ ಸಭೆಗಳವರು ಬೇರೆ ದಾರಿ ಹಿಡಿದರು. ಆದಿತ್ಯವಾರದ ಶಾಲೆಯ ಮಕ್ಕಳಿಂದ ಕಾಗದದ ದೀಪಸ್ತಂಭಗಳನ್ನು ಮಾಡಿಸಿ ಮನೆಗಳ ಕಿಟಿಕಿಗಳಿಗೆ ಅಂಟಿಸಿದರು. ಊರಿನ ಪತ್ರಿಕೆಯು ಪುಟದ ತುಂಬ ಅದರ ಚಿತ್ರವನ್ನು ಅಚ್ಚುಹಾಕಿತು. ಸಾವಿರಾರು ಮನೆಗಳಲ್ಲಿ ಅದು ಕಾಣಿಸಿತು.

ಅನ್ಯಮತದ ಗುರುತನ್ನು ಕ್ರೈಸ್ತನು ತನ್ನ ಮನೆಯಲ್ಲಿ ಇಡಬಹುದೋ ಎಂದು ಕೆಲವರು ಕೇಳಾರು. ಇಟ್ಟವರು ಅದನ್ನು ಆರಾಧನೆಗೆ ಇಡಲಿಲ್ಲ. ಕಲ್ಲು ಬರುವದಾದರೆ ತಮ್ಮ ಕಿಟಿಕಿಗೂ ಬರಲಿ ಎಂದು ಇಟ್ಟರು. ನಮ್ಮ ಮೇಲಂತೂ ಇದರಲ್ಲಿ ಹಳೇ ಸಾಲವೊಂದುಂಟು. ಯೆಹೂದ್ಯರ ಸಭಾಮಂದಿರಗಳನ್ನು ಸುಡಬೇಕೆಂದು 1543ರಲ್ಲಿ ಬರೆದವನು ನಾವು ಗೌರವಿಸುವ ಲೂಥರನೇ. ಸೆಮಿನರಿಯಲ್ಲಿ ನಮಗೆ ಆ ಪುಸ್ತಕವನ್ನು ಯಾರೂ ಓದಿಸಲಿಲ್ಲ.

ಬಿಲಿಂಗ್ಸಿನಲ್ಲಿ ಕಲ್ಲು ಮತ್ತೆ ಬಂದೇ ಬಂತು. ದೀಪಸ್ತಂಭವನ್ನು ತೋರಿಸಿದ್ದ ಮೆಥೊಡಿಸ್ಟ್ ದೇವಾಲಯದ ಗಾಜುಗಳೂ ಒಡೆದವು. ಆ ಮೇಲೆ ಕಿಟಿಕಿಗಳಲ್ಲಿ ದೀಪಗಳು ಇನ್ನೂ ಹೆಚ್ಚಾದವು.