ಬೋಳು ಹೊಲಕ್ಕೆ ಕಾವಲಿಲ್ಲ

ಭರಣಿ ಮಳೆ ಹದವಾಗಿ ಬಿದ್ದರೆ ನಂಜನಗೂಡು, ತಿ.ನರಸೀಪುರದ ಮಳೆಯಾಶ್ರಿತ ಹೊಲಗಳಲ್ಲಿ ಹತ್ತಿ ಬಿತ್ತನೆಗೆ ಕಾಲ ಕೂಡಿಬರುತ್ತದೆ. ಅದಕ್ಕೆ ಮೊದಲು ಮತ್ತೆ ಮತ್ತೆ ಉತ್ತು, ಒಂದು ಹುಲ್ಲುಕಡ್ಡಿಯೂ ಉಳಿಯದಂತೆ ಹಸನು ಮಾಡಿದವನೇ ಒಳ್ಳೆಯ ಬೇಸಾಯಗಾರ ಎಂದು ನಂಬಿದ್ದೇವೆ. ಆದರೆ ಆ ಬೋಳು ನೆಲದಲ್ಲಿ ರೈತನ ಪರವಾಗಿ ದುಡಿಯುವ ಹುಳುಗಳಿಗೆ ನೆರಳೂ ಇಲ್ಲ, ಆಹಾರವೂ ಇಲ್ಲ.

ಹತ್ತಿ ಚಿಗುರಿದ ಕೂಡಲೇ ಹೇನು, ಜಿಗಿಹುಳು ಬರುತ್ತವೆ. 2002ರಲ್ಲಿ ದೇಶದಲ್ಲಿ ಅನುಮತಿ ಪಡೆದ ಬಿಟಿ ಹತ್ತಿ ಕಾಯಿಕೊರಕಕ್ಕಾಗಿ ಬಂದದ್ದು. ರಸ ಹೀರುವ ಕೀಟಗಳನ್ನು ಅದು ತಡೆಯದು. ಅವನ್ನು ತಿನ್ನುವ ಗುಲಗಂಜಿ ಹುಳು, ಜೇಡಗಳು ಬರುವಷ್ಟರಲ್ಲಿ ಔಷಧಿ ಹೊಡೆದಾಗಿರುತ್ತದೆ. ಶತ್ರುವಿನ ಜೊತೆ ಮಿತ್ರನೂ ಸಾಯುತ್ತಾನೆ.

ಸಾಲಿನ ನಡುವೆ ಅಲಸಂದೆ ಇದ್ದರೆ ಹಾಗಾಗದು. ಅದರ ಮೇಲಿನ ಕಪ್ಪು ಹೇನು ತಿಂದು ಗುಲಗಂಜಿ ಹುಳುಗಳು ಅಲ್ಲೇ ಮೊಟ್ಟೆಯಿಟ್ಟು, ಹತ್ತಿಗೂ ದಾಟುತ್ತವೆ. ಬೆಳೆ ತಿನ್ನುವ ಹುಳುಗಳೊಳಗೆ ಮೊಟ್ಟೆಯಿಟ್ಟು ಅವನ್ನು ಕೊಲ್ಲುವ ಸಣ್ಣ ಕಣಜಗಳಿಗೆ ಮಕರಂದ ಸಿಗುತ್ತದೆ. ಉಳುಮೆ ತಗ್ಗಿಸಿ ಬೆಳೆಯುಳಿಕೆಯನ್ನು ಹೊದಿಸಿದರೆ ನೆಲದ ಜೀರುಂಡೆ, ಜೇಡಗಳು ಬಿಸಿಲಿಗೆ ಬಲಿಯಾಗದೆ ಉಳಿಯುತ್ತವೆ. ಅಮೆರಿಕದ ಜಾರ್ಜಿಯಾದಲ್ಲಿ ಕ್ಲೋವರ್, ರೈ ಬೆಳೆದು ಆ ಹೊದಿಕೆಯಲ್ಲೇ ಹತ್ತಿ ಬಿತ್ತಿದ ಹೊಲಗಳಲ್ಲಿ ಕೀಟಭಕ್ಷಕಗಳು ಹೆಚ್ಚಿದ್ದುದನ್ನು ವಿಜ್ಞಾನಿಗಳು ಕಂಡಿದ್ದಾರೆ. ರಾಗಿಯ ನಡುವೆ ಅವರೆ, ಅಲಸಂದೆ, ಹುಚ್ಚೆಳ್ಳಿನ ಅಕ್ಕಡಿ ಸಾಲು ಹಾಕುತ್ತಿದ್ದ ನಮ್ಮ ಹಿರಿಯರಿಗೆ ಇದು ಹೊಸ ಮಾತೇನಲ್ಲ.

ಎರಡು ಎಚ್ಚರಿಕೆ ಬೇಕು. ಮಳೆ ಕೈಕೊಟ್ಟರೆ ಅಲಸಂದೆ ಹತ್ತಿಯ ತೇವವನ್ನು ಕಸಿಯುತ್ತದೆ. ಆಗ ಅದನ್ನು ಕೊಯ್ದು ಸಾಲಿನ ನಡುವೆಯೇ ಹರಡಬೇಕು. ಉಳಿಕೆ ಬಿಡುವುದೆಂದರೆ ಹತ್ತಿ ಕಡ್ಡಿಯನ್ನು ಹೊಲದಲ್ಲಿ ನಿಲ್ಲಿಸುವುದೂ ಅಲ್ಲ. ಒಣಗಿದ ಕಾಯಿಗಳಲ್ಲಿ ಅಡಗುವ ಗುಲಾಬಿ ಕಾಯಿಕೊರಕ ಮುಂದಿನ ಬೆಳೆಗೆ ಕಾದಿರುತ್ತದೆ. ಕೊನೆಯ ಬಿಡಿಸುವಿಕೆ ಮುಗಿದೊಡನೆ ಕಡ್ಡಿ ಕಿತ್ತು ವಿಲೇವಾರಿ ಮಾಡಲೇಬೇಕು.

ರೈತ ಬಂಧುಗಳೇ, ಇಡೀ ಹೊಲ ಬೇಡ, ಅರ್ಧ ಎಕರೆಯಲ್ಲಿ ಪರೀಕ್ಷಿಸಿ. ಔಷಧಿ ಡಬ್ಬಿಯ ಮುಚ್ಚಳ ತೆಗೆಯುವ ಮೊದಲು ಎಲೆ ಮಗುಚಿ ನೋಡಿ. ಪುಟ್ಟ ಮೊಸಳೆಯಂತೆ ಕಾಣುವ ಕಪ್ಪು ಮರಿಹುಳು ಕೀಡೆಯಲ್ಲ, ಗುಲಗಂಜಿ ಹುಳುವಿನ ಮರಿ. ಹೇನು ತಿನ್ನುವುದೇ ಅದರ ಕೆಲಸ. ಗುರುತು ಸಿಗದಿದ್ದರೆ ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರಕ್ಕೆ ಎಲೆಸಮೇತ ಒಯ್ದು ಕೇಳಿ. ಮಿತ್ರನನ್ನು ಗುರುತಿಸಿದ ಮೇಲೆ ಸಿಂಪಡಣೆಯ ನಿರ್ಧಾರ ಮಾಡಿ.