ಅಂಚಿನ ಧರ್ಮ

ಹಳೆಯ ಬಟ್ಟೆಗಳನ್ನು ಪದರಪದರವಾಗಿ ಹಾಸಿ ಹೊಲಿದ ಹೊದಿಕೆಯನ್ನು ನಾವು ಕೌದಿ ಎನ್ನುತ್ತೇವೆ. ನೆರೆಮನೆಯ ತೆಲುಗರು ಬೊಂತ ಎನ್ನುತ್ತಾರೆ. ಹೆಸರು ಎರಡಾದರೂ ವಸ್ತು ಒಂದೇ. ಸವೆದ ಸೀರೆ, ಹರಿದ ಧೋತರ, ಮಕ್ಕಳಿಗೆ ಗಿಡ್ಡವಾದ ಅಂಗಿ ಇವೆಲ್ಲವೂ ಅದರಲ್ಲಿ ಸೇರುತ್ತವೆ. ನೋಡುವವರು ಮೆಚ್ಚುವುದು ನಡುಭಾಗದ ಸಾಲುಹೊಲಿಗೆಯನ್ನು. ಆದರೆ ಕೌದಿಯ ಆಯುಷ್ಯವಿರುವುದು ಅಂಚಿನಲ್ಲಿ. ಹೊದೆಯುವಾಗ ಕೈ ಎಳೆಯುವುದು ಅಂಚನ್ನು. ಒಗೆಯುವ ಕಲ್ಲಿಗೆ ಬಡಿಯುವುದು ಅಂಚು. ನೂಲು ಬಿಚ್ಚತೊಡಗುವುದೂ ಅಲ್ಲಿಂದಲೇ.

ತುಂಡುಗಳು ಒಂದೇ ಅಳತೆಯವಲ್ಲದ ಕಾರಣ ಕೌದಿಯ ಅಂಚು ಹಲವೊಮ್ಮೆ ಅಂಕುಡೊಂಕಾಗುತ್ತದೆ. ಆಗ ಹೊಲಿಯುವವಳ ಮುಂದೆ ಎರಡು ಮಾರ್ಗಗಳು. ಹೊರಚಾಚಿದ್ದನ್ನೆಲ್ಲ ಕತ್ತರಿಸಿ ಅಂಚನ್ನು ನೇರ ಮಾಡಬಹುದು. ಅಥವಾ ಡೊಂಕನ್ನೇ ಅನುಸರಿಸಿ ಪಟ್ಟಿಯನ್ನು ಹೊಲಿಯಬಹುದು. ಇದು ಸೂಜಿದಾರದ ಮಾತಷ್ಟೇ ಎಂದು ವಾಚಕರು ತಳ್ಳಿಹಾಕಬಾರದು. ಸಾಲಿಗೆ ಹೊಂದದವರನ್ನು ಏನು ಮಾಡಬೇಕೆಂಬ ಪ್ರಶ್ನೆ ಮನೆಗೂ ಶಾಲೆಗೂ ರಾಜ್ಯಕ್ಕೂ ಬಂದೇ ಬರುತ್ತದೆ.

ಕತ್ತರಿಯ ಪಕ್ಷವನ್ನು ಮೊದಲು ನ್ಯಾಯವಾಗಿ ಕೇಳೋಣ. ನೇರವಾದ ಅಂಚು ಬೇಗ ಮುಗಿಯುತ್ತದೆ. ಪಟ್ಟಿಗೆ ಕಡಿಮೆ ಬಟ್ಟೆ ಸಾಕು. ಮಡಿಸಿಟ್ಟರೆ ನಾಲ್ಕು ಮೂಲೆಗಳೂ ಕೂಡುತ್ತವೆ. ಈ ಅನುಕೂಲಗಳು ಸುಳ್ಳಲ್ಲ. ಆದರೆ ಕತ್ತರಿಯು ಹೊರಗಿನ ಬಟ್ಟೆಯನ್ನಷ್ಟೇ ತೆಗೆಯುವುದಿಲ್ಲ. ನಡುವಿನಿಂದ ಅಲ್ಲಿಯವರೆಗೆ ಬಂದ ಹೊಲಿಗೆಯ ದಾರಗಳನ್ನೂ ತುಂಡರಿಸುತ್ತದೆ. ತುದಿ ಕಡಿದ ದಾರ ಹಿಂದಕ್ಕೆ ಜಾರುತ್ತದೆ. ಕತ್ತರಿಸಿದ್ದು ಅಂಚನ್ನು, ಸಡಿಲವಾದದ್ದು ಒಳಗಿನ ಹೊಲಿಗೆ!

ಡೊಂಕನ್ನು ಅನುಸರಿಸುವುದಕ್ಕೆ ಶ್ರಮವೂ ವಿವೇಕವೂ ಬೇಕು. ಅಂಚುಪಟ್ಟಿಯನ್ನು ಬಟ್ಟೆಯ ಓರೆಗೆ ಕತ್ತರಿಸಬೇಕು. ಹಾಸಿನ ಅಥವಾ ಹೊಕ್ಕಿನ ನೇರಕ್ಕೆ ಎಳೆದರೆ ಹಿಗ್ಗದ ಬಟ್ಟೆಯು ಓರೆಗೆ ಎಳೆದಾಗ ಬಾಗಿಕೊಡುತ್ತದೆ. ಅಂಚು ಹೊರಕ್ಕೆ ಉಬ್ಬಿದೆಡೆ ಪಟ್ಟಿಯನ್ನು ಸಡಿಲವಾಗಿ ಇಡಬೇಕು, ಬಿಗಿದರೆ ಕೌದಿ ಮುದುಡುತ್ತದೆ. ಒಳಕ್ಕೆ ಬಾಗಿದೆಡೆ ಕೊಂಚ ಎಳೆದು ಹಿಡಿಯಬೇಕು, ಬಿಟ್ಟರೆ ನೆರಿಗೆ ಬೀಳುತ್ತದೆ. ಹೊರಮೂಲೆಗೆ ಒಂದು ಮಡಿಕೆ ಹೆಚ್ಚು ಕೊಡಬೇಕು. ಒಳಮೂಲೆಯಲ್ಲಿ ಕತ್ತರಿಯ ಒಂದು ಸಣ್ಣ ಕಚ್ಚೂ ಬೇಕಾಗುತ್ತದೆ. ಆದರೆ ಆ ಕಚ್ಚು ಪಟ್ಟಿಯ ಹೊಲಿಗೆಯಲ್ಲಿ ಮುಚ್ಚಿಹೋಗುವಷ್ಟೇ ಆಳವಾಗಿರಬೇಕು.

ಹಾಗೆಂದು ಅಂಚಿನಲ್ಲಿರುವುದೆಲ್ಲ ಉಳಿಸಲು ಯೋಗ್ಯವೆಂದು ನಾವು ಹೇಳುವುದಿಲ್ಲ. ಜೀರ್ಣವಾದ ತುಂಡಿನ ಮೇಲೆ ಪಟ್ಟಿಯನ್ನು ಹೊಲಿದರೆ ಸೂಜಿ ತೂರಿದಲ್ಲೇ ಬಟ್ಟೆ ಹರಿಯುತ್ತದೆ, ಅದನ್ನು ತೆಗೆಯಲೇಬೇಕು. ಆಕಾರದ ಡೊಂಕು ಬೇರೆ, ಬಟ್ಟೆಯ ಜೀರ್ಣತೆ ಬೇರೆ. ಮೊದಲನೆಯದನ್ನು ಎರಡನೆಯದೆಂದು ತಿಳಿದು ಕತ್ತರಿ ಎತ್ತುವುದೇ ಅನ್ಯಾಯದ ಮೂಲ.

ಅಂಚು ಕೊನೆಯ ಗಣನೆಗೆ ಬಿಟ್ಟ ವಸ್ತುವೆಂಬ ಭಾವನೆ ಎಲ್ಲೆಡೆಯೂ ಇಲ್ಲ. ಉತ್ತರ ಕನ್ನಡ ಜಿಲ್ಲೆಯ ಸಿದ್ದಿ ಸ್ತ್ರೀಯರು ತಮ್ಮ ಕವಂದಿಯನ್ನು ಅಂಚಿನಿಂದಲೇ ಆರಂಭಿಸಿ, ಸುತ್ತುತ್ತ ಬಂದು ನಡುವಿನಲ್ಲಿ ಮುಗಿಸುತ್ತಾರೆ. ಮೂಲೆಗಳಿಗೆ ಬಟ್ಟೆಯನ್ನು ತ್ರಿಕೋನವಾಗಿ ಮಡಿಸಿ ‘ಫುಲ’ ಎಂಬ ಹೂವನ್ನು ಹೊಲಿಯುತ್ತಾರೆ. ಅದರಿಂದ ಚಳಿಯೇನೂ ಹೆಚ್ಚು ತಡೆಯದು. ಆದರೂ ಆ ಹೂವಿಲ್ಲದ ಕವಂದಿ ಅವರಿಗೆ ಅಪೂರ್ಣ. ನಮ್ಮ ಗದ್ವಾಲದ ಸೀರೆಯನ್ನೇ ನೋಡಿರಿ: ಒಡಲು ಹತ್ತಿಯದು, ಅಂಚು ರೇಷ್ಮೆಯದು.

ನಾಡಿಗೂ ಅಂಚುಂಟು. 1956ರ ನವೆಂಬರ್ 1ರಂದು ಹೈದರಾಬಾದು ರಾಜ್ಯವು ಹಂಚಿಹೋದಾಗ ರಾಯಚೂರು ಜಿಲ್ಲೆ ಮೈಸೂರು ರಾಜ್ಯವನ್ನು ಸೇರಿತು. ಅದೇ ಜಿಲ್ಲೆಯ ಗದ್ವಾಲ, ಆಲಂಪುರ ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಸೇರಿದವು. ಮೆಹಬೂಬನಗರ ಜಿಲ್ಲೆಯ ನಾರಾಯಣಪೇಟೆ, ಮಕ್ತಲ್‌ಗಳೂ ಅತ್ತಲೇ ಹೋದವು. 2014ರ ಜೂನ್ 2ರಿಂದ ಈ ನಾಲ್ಕೂ ಊರುಗಳು ತೆಲಂಗಾಣದವು. ಗೆರೆಯನ್ನು ಎಲ್ಲಿಯಾದರೂ ಎಳೆಯಲೇಬೇಕು. ಆ ಬಗ್ಗೆ ನಮಗೆ ಜಗಳವಿಲ್ಲ. ಮಾತುಗಳಾದರೋ ಗೆರೆಯನ್ನು ನೋಡಿ ನಿಲ್ಲುವುದಿಲ್ಲ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ನೆರೆಯವರೊಡನೆ ಉರ್ದು ಆಡುವ ಮಗುವು ಆ ಮೂರನ್ನೂ ಹೊತ್ತುಕೊಂಡೇ ಶಾಲೆಗೆ ಬರುತ್ತದೆ.

ಅಂಥ ಮಗು ‘ಪ್ರಶ್ನೆ’ಯನ್ನು ‘ಪ್ರಸ್ನೆ’ ಎಂದು ಬರೆದರೆ ಉಪಾಧ್ಯಾಯರು ತಿದ್ದಲೇಬೇಕು. ತಿದ್ದದಿರುವುದು ದಯೆಯಲ್ಲ, ಉದಾಸೀನ. ಆದರೆ ಅದು ತನ್ನ ನಿಬಂಧದಲ್ಲಿ ಕೌದಿಯನ್ನು ‘ಬೊಂತ’ ಎಂದು ಬರೆದರೆ? ಅದರ ಮೇಲೆ ಕೆಂಪು ಗೆರೆ ಎಳೆದರೆ ಹೋಗುವುದು ಆ ಒಂದು ಪದವಷ್ಟೇ ಅಲ್ಲ. ಆ ಪದದ ಹಿಂದೆ ಅಜ್ಜಿಯಿದ್ದಾಳೆ, ಓಣಿಯಿದೆ, ಮನೆಯಿಂದ ಶಾಲೆಯವರೆಗೆ ಬಂದ ದಾರವಿದೆ. ದಾರ ಕಡಿದರೆ ಮಗು ಮಾತನ್ನೇ ಕಡಿಮೆ ಮಾಡುತ್ತದೆ. ಮೌನವನ್ನು ನಾವು ಶುದ್ಧ ಭಾಷೆಯೆಂದು ಭ್ರಮಿಸುತ್ತೇವೆ. ಅದರ ಪಕ್ಕದಲ್ಲಿ ‘ಕೌದಿ’ ಎಂದು ಬರೆದುಕೊಟ್ಟರೆ ಮಗುವಿಗೆ ಎರಡು ಪದಗಳಾಗುತ್ತವೆ, ಕನ್ನಡಕ್ಕೆ ನಷ್ಟವೇನು?

ನೇರ ಮಾಡುವುದು ಸುಲಭ, ಅಚ್ಚುಕಟ್ಟು ಎಂಬುದು ನಿಜ. ಆದರೆ ಧರ್ಮವು ಸೌಲಭ್ಯದ ಅಳತೆಗೋಲಿಗೆ ಸಿಕ್ಕುವ ವಸ್ತುವಲ್ಲ. ಗುರುಗಳೇ ಆಗಲಿ, ವಿದ್ಯಾರ್ಥಿಗಳೇ ಆಗಲಿ, ಅಂಚು ನೇರವಾಗಿದೆಯೇ ಎಂದು ಕೇಳುವ ಮೊದಲು ಒಳಗಿನಿಂದ ಬಂದ ದಾರಗಳೆಲ್ಲ ಅಲ್ಲಿ ಭದ್ರವಾಗಿ ನಿಂತಿವೆಯೇ ಎಂದು ಕೇಳಬೇಕು. ನಿಂತಿದ್ದರೆ, ಡೊಂಕು ಇದ್ದರೂ ಕೌದಿ ಬಹುಕಾಲ ಬಾಳುತ್ತದೆ.