ನಾಲ್ಕು ಅಂಕಿಗೆ ಎಷ್ಟು ಕೊಡ್ತೀರ?

ಬ್ರಿಟನ್ನಿನಲ್ಲಿ ದುಡ್ಡಿದ್ದರೆ ಕಾರಿನ ನಂಬರ್ ಪ್ಲೇಟಿನಲ್ಲಿ ಹೆಚ್ಚುಕಡಿಮೆ ನಿಮ್ಮ ಹೆಸರನ್ನೇ ಓದಿಸಬಹುದು. ಅಲ್ಲಿನ ಸರಕಾರಿ ಇಲಾಖೆಯೇ 1989ರಿಂದ ಅಂಥ ನಂಬರ್‌ಗಳನ್ನು ಮಾರುತ್ತಿದೆ. ನಮ್ಮಲ್ಲಿ ಅಷ್ಟು ಸ್ವಾತಂತ್ರ್ಯ ಇಲ್ಲ. ಕೆಎ ಅನ್ನುವುದು ರಾಜ್ಯದ್ದು, ಅದರ ಮುಂದಿನ ಎರಡು ಅಂಕಿ ಆರ್‌ಟಿಓ ಕಚೇರಿಯದ್ದು, ಆಮೇಲಿನ ಇಂಗ್ಲಿಷ್ ಅಕ್ಷರ ಸರಣಿಯದ್ದು. ಕೊನೆಗೆ ಉಳಿಯುವ ನಾಲ್ಕು ಅಂಕಿಯಲ್ಲಿ ಮಾತ್ರ ನಮ್ಮ ಆಟ. ಆ ನಾಲ್ಕು ಅಂಕಿಯ ಕಿಂಡಿಯಲ್ಲೇ ನಾವು ಅಹಂಕಾರ, ಭಕ್ತಿ, ಭಯ, ಪ್ರೀತಿ ಎಲ್ಲವನ್ನೂ ತೂರಿಸಿಬಿಟ್ಟಿದ್ದೇವೆ. 0001, 0009, 7777, 9999. ಇನ್ನು 8055 ಇದೆ, ಸ್ವಲ್ಪ ತಿರುಚಿ ಬರೆಸಿದರೆ ಇಂಗ್ಲಿಷಿನಲ್ಲಿ 'ಬಾಸ್' ಅಂತ ಕಾಣುತ್ತದೆ.

ಎರಡು ಅಂಕಿಯ ಸುಖ ಬಿಟ್ಟಿಯಾಗಿ ಸಿಗುತ್ತದೆ, ಅದನ್ನು ಮೊದಲು ಹೇಳಿಬಿಡ್ತೀನಿ. ನಾನು ಚಿತ್ರದುರ್ಗ ತಾಲ್ಲೂಕಿನ ತುರುವನೂರಿನವನು. ಊರಿನ ಹೆಸರು ಹೇಳಿದರೆ ಹಳಬರಿಗೆ 1939ರಲ್ಲಿ ಈಚಲು ಮರ ಕಡಿದ ಸತ್ಯಾಗ್ರಹ ನೆನಪಾಗುತ್ತೆ, ನನ್ನ ಆಫೀಸಿನವರಿಗೆ ಏನೂ ನೆನಪಾಗಲ್ಲ. ಆದರೆ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಮುಂದಿನ ಗಾಡಿ ಮೇಲೆ ಕೆಎ 16 ಕಂಡರೆ ಸಾಕು, 'ಓ, ನಮ್ ದುರ್ಗದೋನು' ಅಂತ ಒಳಗೆ ಏನೋ ಬೆಚ್ಚಗಾಗುತ್ತೆ. ಮಂಡ್ಯದವರಿಗೆ 11, ಹಾಸನದವರಿಗೆ 13, ದಾವಣಗೆರೆಯವರಿಗೆ 17. ಇದಕ್ಕೆ ಯಾರೂ ಹರಾಜು ಕೂಗಿಲ್ಲ.

ಹರಾಜಿನ ವಿಷಯಕ್ಕೆ ಬರೋಣ. ಸಾರಿಗೆ ಇಲಾಖೆ ಫ್ಯಾನ್ಸಿ ನಂಬರ್‌ಗಳನ್ನು ಹರಾಜಿಗಿಡುತ್ತೆ. ಠೇವಣಿ ಕಟ್ಟಿ ಕೂಗಬೇಕು, ಹೆಚ್ಚು ಕೂಗಿದವರಿಗೆ ನಂಬರ್. ಇದನ್ನು ಕೇಳಿ ಹಲ್ಲು ಕಡಿಯುವವರಿದ್ದಾರೆ. ನನಗೆ ಹಾಗನ್ನಿಸಲ್ಲ. ನಮ್ಮ ಕಡೆ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಜಾತ್ರೆಯಲ್ಲಿ ತೇರು ಎಳೆಯೋಕೆ ಮುಂಚೆ ಮುಕ್ತಿ ಬಾವುಟ ಹರಾಜು ಹಾಕ್ತಾರೆ. ಒಂದು ಬಾವುಟ, ಲಕ್ಷಗಟ್ಟಲೆ ರೂಪಾಯಿ, ಸುತ್ತ ಸಾವಿರಾರು ಜನ. ರಾಜಕಾರಣಿಗಳು ಪೈಪೋಟಿಗೆ ಬಿದ್ದು ಕೂಗ್ತಾರೆ. ಭಕ್ತಿ ಎಷ್ಟು, ಜನ ನೋಡ್ಲಿ ಅನ್ನೋದು ಎಷ್ಟು ಅಂತ ಯಾರು ಅಳೀತಾರೆ? ದುಡ್ಡು ದೇವಸ್ಥಾನಕ್ಕೆ ಹೋಗುತ್ತೆ, ಜನ ಸಿಳ್ಳೆ ಹಾಕ್ತಾರೆ, ತೇರು ಮುಂದೆ ಹೋಗುತ್ತೆ. ದುಬೈನಲ್ಲಿ 2023ರಲ್ಲಿ 'ಪಿ 7' ಅನ್ನೋ ನಂಬರ್ 5.5 ಕೋಟಿ ದಿರ್ಹಮ್‌ಗೆ ಹೋಯ್ತಲ್ಲ, ಅದೂ ಹಸಿದವರಿಗೆ ಊಟ ಕೊಡುವ ಯೋಜನೆಗೆ ದುಡ್ಡು ಎತ್ತುವ ಹರಾಜು. ಇದ್ದವನ ಹಮ್ಮಿನಿಂದ ಬೊಕ್ಕಸಕ್ಕೆ ನಾಲ್ಕು ಕಾಸು ಬಂದರೆ ಬರಲಿ ಬಿಡಿ. ಶಿಫಾರಸಿನ ಮೇಲೆ ಹಂಚುವುದಕ್ಕಿಂತ ಇದು ಎಷ್ಟೋ ವಾಸಿ.

ಹಾಗಾದರೆ ತಕರಾರು ಎಲ್ಲಿ? ನನ್ನ ಕಸುಬಿನ ಒಂದು ಮಾತು ಹೇಳ್ತೀನಿ. ಡೇಟಾಬೇಸ್ ಕಟ್ಟುವಾಗ ಪ್ರತಿ ದಾಖಲೆಗೂ ಒಂದು ಗುರುತಿನ ಸಂಖ್ಯೆ ಕೊಡ್ತೀವಿ. ಆ ಸಂಖ್ಯೆಗೆ ಯಾವ ಅರ್ಥವೂ ಇರಬಾರದು ಅಂತ ಹಿರಿಯರು ಮೊದಲ ವರ್ಷವೇ ಕಿವಿ ಹಿಂಡಿ ಹೇಳಿಕೊಡ್ತಾರೆ. ಅರ್ಥ ತುಂಬಿದರೆ, ನಾಳೆ ಆ ಅರ್ಥ ಬದಲಾದಾಗ ಸಂಖ್ಯೆಯನ್ನೂ ಬದಲಾಯಿಸಬೇಕಾಗುತ್ತೆ, ಅದಕ್ಕೆ ಅಂಟಿಕೊಂಡಿರೋದೆಲ್ಲ ಮುರಿದುಬೀಳುತ್ತೆ. ಮೂಕ ಸಂಖ್ಯೆಯೇ ಗಟ್ಟಿ. ಊರಲ್ಲಿ ನಮ್ಮ ಹಸುವಿನ ಕಿವಿಯಲ್ಲಿ 12 ಅಂಕಿಯ ಹಳದಿ ಬಿಲ್ಲೆ ಇದೆ. ಅದರ ಕೂಡುಲೆಕ್ಕ ಎಷ್ಟು ಅಂತ ಯಾರೂ ನೋಡಿಲ್ಲ, ಹಾಲು ಕೊಡ್ತಿದೆ. ಅಪ್ಪನಿಗೆ ತನ್ನ ಹುಟ್ಟಿದ ದಿನ ಗೊತ್ತಿಲ್ಲ, ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ 1 ಅಂತ ಬರೆದುಕೊಂಡಿದ್ದು. ಹೊಲದ ಸರ್ವೆ ನಂಬರ್ ಮಾತ್ರ ನಿದ್ದೆಗಣ್ಣಲ್ಲಿ ಕೇಳಿದರೂ ಹೇಳ್ತಾರೆ. ಅದನ್ನು ಯಾರೂ ಆರಿಸಿಕೊಂಡಿದ್ದಲ್ಲ. ಬೆವರು ಸುರಿಸಿ ಸುರಿಸಿ ಅದಕ್ಕೊಂದು ಬೆಲೆ ಬಂತು ಅಷ್ಟೆ.

ಅದೃಷ್ಟದ ಲೆಕ್ಕಕ್ಕೆ ಬಂದರೆ ಇನ್ನೂ ಮಜಾ ಇದೆ. ಅಂಕಿಗಳನ್ನು ಕೂಡುತ್ತಾ ಹೋಗಿ ಒಂದೇ ಅಂಕಿಗೆ ಇಳಿಸ್ತೀವಲ್ಲ, ಅದು 9ರಿಂದ ಭಾಗಿಸಿದಾಗ ಉಳಿಯುವ ಶೇಷ, ಬೇರೇನಲ್ಲ. ಶೇಷ ಸೊನ್ನೆಯಾದರೆ 9 ಅಂತ ಲೆಕ್ಕ. 1ರಿಂದ 9999ರವರೆಗೆ ನೋಡಿದರೆ ಒಂದೊಂದು ಮೊತ್ತಕ್ಕೂ ಸರಿಯಾಗಿ 1111 ನಂಬರ್ ಬರುತ್ತವೆ, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಅಂದರೆ ಒಂದು ಸರಣಿಯಲ್ಲಿ 9 ಬರುವ 'ಶುಭ' ನಂಬರ್ 1111, ಶನಿಯದ್ದು ಅಂತ ಜನ ಹೆದರುವ 8 ಕೂಡ 1111. ಈಗ ಯೋಚನೆ ಮಾಡಿ. 8 ಬೇಡ ಅಂತ ನಾನು ದುಡ್ಡು ಕಟ್ಟಿ ಬೇರೆ ನಂಬರ್ ತಗೊಂಡೆ. ಆ 8 ಎಲ್ಲಿಗೆ ಹೋಗುತ್ತೆ? ಮುಂದಿನ ಗಿರಾಕಿಗೆ. ಸಾಲ ಮಾಡಿ ಟ್ಯಾಕ್ಸಿ ತಗೊಂಡವನೋ, ಮೊದಲ ಬೈಕ್ ಕೊಂಡ ಹುಡುಗನೋ, ನಂಬರ್‌ಗೆ ಅಂತ ಬೇರೆ ದುಡ್ಡು ಕೊಡಲಾಗದ ಯಾರೋ ಒಬ್ಬನಿಗೆ. 8ಕ್ಕೆ ಕೇಡು ಮಾಡುವ ಶಕ್ತಿ ಇಲ್ಲ ಅನ್ನೋದಾದರೆ ನನ್ನ ದುಡ್ಡು ದಂಡ. ಇದೆ ಅನ್ನೋದಾದರೆ, ಕೇಡು ಬರುತ್ತೆ ಅಂತ ಗೊತ್ತಿದ್ದೂ ಕಾಸಿಲ್ಲದವನ ಕಡೆ ಅದನ್ನು ತಳ್ಳಿದ ಹಾಗಾಯ್ತು. ನಂಬುವವರು ಈ ಪ್ರಶ್ನೆಗೆ ಏನು ಹೇಳ್ತಾರೆ ಅಂತ ನನಗೆ ನಿಜವಾಗಲೂ ಕುತೂಹಲ.

ನಮ್ಮಮ್ಮನನ್ನೇ ಕೇಳಿದೆ. 'ಅವ್ನಿಗೆ ಅವ್ನ ದೇವ್ರು ಇರ್ತಾನೆ ಕಣಪ್ಪ, ನೀನು ನಿಂದು ನೋಡ್ಕ' ಅಂದರು. ತಾಯಂದಿರ ನೀತಿಶಾಸ್ತ್ರಕ್ಕೆ ಉತ್ತರ ಕೊಡೋಕಾಗಲ್ಲ.

ನಂಬರ್ ಪ್ಲೇಟ್ ಇರೋದು ಯಾರಿಗೋಸ್ಕರ? ನಾನು ಓಡಿಸುವಾಗ ನನಗದು ಕಾಣೋದೇ ಇಲ್ಲ. ಅದು ಇರೋದು ದಾರೀಲಿ ಹೋಗುವ ಅಪರಿಚಿತನಿಗೆ. ಈ ಕಬ್ಬಿಣದ ಗೂಡಿನಿಂದ ನಿನಗೆ ಏನಾದರೂ ಆದರೆ ಇಲ್ಲಿ ಬಂದು ಕೇಳು ಅಂತ ನಾವು ಬೆನ್ನ ಮೇಲೆ ಬರೆದುಕೊಂಡು ಓಡಾಡುವ ವಿಳಾಸ ಅದು. ಕನ್ನಡ ಅಂಕಿಯ ಪ್ಲೇಟುಗಳ ಬಗ್ಗೆ ನನಗೆ ಪ್ರೀತಿ ಇದ್ದೂ ಇದೇ ಕಾರಣಕ್ಕೆ ಸುಮ್ಮನಾದೆ. ದುರ್ಗದ ಪಕ್ಕದ ಹೆದ್ದಾರಿಯಲ್ಲಿ ರಾಜಸ್ಥಾನದ ಲಾರಿ ಡ್ರೈವರ್ರೂ ಅದನ್ನು ಓದಬೇಕು. 2019ರ ಏಪ್ರಿಲ್‌ನಿಂದ ಹೊಸ ಗಾಡಿಗಳಿಗೆ ಎಚ್‌ಎಸ್‌ಆರ್‌ಪಿ ಕಡ್ಡಾಯವಾಯ್ತು. ಹಳೇ ಗಾಡಿಗಳಿಗೂ ಹಾಕಿಸಿ ಅಂತ ಕರ್ನಾಟಕ ಸರಕಾರ ಗಡುವಿನ ಮೇಲೆ ಗಡುವು ಕೊಟ್ಟಾಗ ಎಲ್ಲರೂ ಬೈದರು, ನಾನೂ ಬೈದೆ. ಆದರೆ ಎಲ್ಲರದ್ದೂ ಒಂದೇ ಅಕ್ಷರ, ಒಂದೇ ಅಳತೆ ಅನ್ನೋದು ಆ ಅಪರಿಚಿತನ ಪರವಾದ ನಿಯಮ.

ನಮ್ಮ ದೊಡ್ಡಪ್ಪ ಅಂಥ ಅಪರಿಚಿತ. ದುರ್ಗದ ಮಾರುಕಟ್ಟೆಗೆ ಈರುಳ್ಳಿ ಹಾಕಿ ಟಿವಿಎಸ್‌ನಲ್ಲಿ ವಾಪಸ್ ಬರುವಾಗ ಹಿಂದಿನಿಂದ ಕಾರೊಂದು ಗುದ್ದಿ ನಿಲ್ಲಿಸದೆ ಹೋಯ್ತು. 2014ನೇ ಇಸವಿ. ಎಡಗಾಲಿನ ಮೂಳೆ ಎರಡು ಕಡೆ ಮುರಿದಿತ್ತು. ಅಲ್ಲೇ ಟೀ ಅಂಗಡಿಯಲ್ಲಿದ್ದ ಹುಡುಗ ನೋಡಿದ್ದ. 'ಬಿಳೀ ಕಾರು, ಕೊನೇಲಿ ಎರಡು ಏಳು ಇದ್ವು' ಅಂದ. ಅಷ್ಟೆ. ಮುಂದಿನ ಎರಡು ಅಂಕಿ ಅವನಿಗೆ ಹತ್ತಲಿಲ್ಲ. ನಂಬರ್ ಸಿಕ್ಕಿದ್ದರೆ ಆ ಕಾರಿನ ಇನ್ಶೂರೆನ್ಸ್ ಮೇಲೆ ಕೇಸು ಹಾಕಿ, ಆಸ್ಪತ್ರೆ ಖರ್ಚು, ಕೆಲಸ ಮಾಡಲಾಗದ ವರ್ಷಗಳು ಎಲ್ಲದರ ಲೆಕ್ಕ ಕೇಳಬಹುದಿತ್ತು. ನಂಬರ್ ಸಿಗದಿದ್ದರೆ? ಗುದ್ದಿ ಓಡಿದ ಕೇಸುಗಳಲ್ಲಿ ತೀವ್ರ ಗಾಯಕ್ಕೆ ಆಗ ಕಾನೂನು ಕೊಡುತ್ತಿದ್ದದ್ದು 12,500 ರೂಪಾಯಿ, ಸತ್ತರೆ 25,000. 2022ರ ಏಪ್ರಿಲ್‌ನಿಂದ ಅದು 50,000 ಮತ್ತು 2 ಲಕ್ಷ ಆಗಿದೆ. ದೊಡ್ಡಪ್ಪ ಆ 12,500ಕ್ಕೂ ಅರ್ಜಿ ಹಾಕಲಿಲ್ಲ. ಕಚೇರಿಗೆ ಅಲೆಯೋಕೆ ಕಾಲು ಬೇಕಲ್ಲ. ಒಂದೂವರೆ ಎಕರೆ ಮಾರಿದರು. ಹುಡುಗನ ಕಣ್ಣಿಗೆ ತಪ್ಪಿದ ಎರಡು ಅಂಕಿಯ ಬೆಲೆ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು.

ಹಾಗಾಗಿ ಫ್ಯಾನ್ಸಿ ನಂಬರಿನ ಪರವಾಗಿ ನಾನೇ ಒಂದು ವಾದ ಹೂಡಬೇಕಾಗುತ್ತೆ. ಆ ಕಾರಿಗೆ 7777 ಇದ್ದಿದ್ದರೆ ಟೀ ಅಂಗಡಿ ಹುಡುಗ ಜನ್ಮದಲ್ಲಿ ಮರೀತಿರಲಿಲ್ಲ. ಲಕ್ಷ ಕೊಟ್ಟು ನೆನಪಿನಲ್ಲಿ ಉಳಿಯುವ ನಂಬರ್ ಹಾಕಿಸಿಕೊಂಡವನು, ಗೊತ್ತಿದ್ದೋ ಗೊತ್ತಿಲ್ಲದೆಯೋ, ತಪ್ಪಿಸಿಕೊಳ್ಳುವ ದಾರಿಯನ್ನು ತಾನೇ ಮುಚ್ಚಿಕೊಂಡಿರ್ತಾನೆ. ಕಾಗದದ ಮೇಲೆ ಈ ವಾದಕ್ಕೆ ಸೋಲಿಲ್ಲ. ಆದರೆ ರಸ್ತೆ ಮೇಲೆ? 0001 ಅಂತ ಇದ್ದಿದ್ದರೆ ಹುಡುಗ ನೆನಪಿಟ್ಟುಕೊಳ್ತಿದ್ದ, ಸರಿ, ಹೇಳ್ತಿದ್ದನಾ? 'ಯಾರೋ ದೊಡ್ಡೋರು ಇರಬೇಕು, ನಮಗ್ಯಾಕೆ' ಅನ್ನೋದು ನಮ್ಮಲ್ಲಿ ಕಾನೂನಿಗಿಂತ ಹಳೆಯದು. ಅದೇ ನಾಲ್ಕು ಅಂಕಿ ಒಬ್ಬನಿಗೆ ಗುರುತು, ಇನ್ನೊಬ್ಬನಿಗೆ ಬೆದರಿಕೆ. ಹರಾಜಿನಲ್ಲಿ ಕೂಗುವವನು ಇವೆರಡರಲ್ಲಿ ಯಾವುದಕ್ಕೆ ದುಡ್ಡು ಕೊಡ್ತಿದ್ದಾನೆ ಅನ್ನೋದರ ಮೇಲೆ ನನ್ನ ಸಿಟ್ಟು ಅಥವಾ ನಗು ನಿಂತಿದೆ. ಅದನ್ನು ಹೊರಗಿನವರು ಹೇಳೋದು ಕಷ್ಟ, ಅವನ ಕಾರಿನ ಮುಂದೆ ಪೊಲೀಸ್ ಕೈ ಅಡ್ಡ ಹಿಡಿದಾಗ ಮಾತ್ರ ಗೊತ್ತಾಗುತ್ತೆ.

ಇವೆರಡಕ್ಕೂ ಸೇರದವರೂ ಇದ್ದಾರೆ. ನನ್ನ ಸಹೋದ್ಯೋಗಿಯೊಬ್ಬರು ತೀರಿಕೊಂಡ ಅಪ್ಪನ ಹಳೇ ಸ್ಕೂಟರಿನ ಕೊನೆಯ ನಾಲ್ಕು ಅಂಕಿಯನ್ನೇ ಕೇಳಿ ಪಡೆದರು. ಅದೇನೂ ಚಂದದ ನಂಬರಲ್ಲ, ಬೇರೆ ಯಾರಿಗೂ ಬೇಕಾಗಿಲ್ಲ, ಅವರ ವಿರುದ್ಧ ಕೂಗುವವರೂ ಇರಲಿಲ್ಲ. ಚಿಕ್ಕವರಿದ್ದಾಗ ಬೀದಿಯ ತುದಿಯಲ್ಲಿ ಆ ನಂಬರ್ ಕಂಡರೆ ಅಪ್ಪ ಬಂದ್ರು ಅಂತ ಓಡುತ್ತಿದ್ದರಂತೆ. ಪಾರ್ಕಿಂಗಿನಲ್ಲಿ ಅವರ ಕಾರಿನ ಪಕ್ಕ ದಿನಾ ನೂರು ಜನ ಹಾದುಹೋಗ್ತಾರೆ, ಒಬ್ಬರಿಗೂ ಅದು ಗೊತ್ತಿಲ್ಲ, ಗೊತ್ತಾಗಬೇಕು ಅಂತ ಅವರಿಗೂ ಇಲ್ಲ. ಮೂಕ ಸಂಖ್ಯೆಯ ಪಾಠ ಹೇಳಿಕೊಟ್ಟ ನನ್ನ ಹಿರಿಯರು ಇದಕ್ಕೂ ಆಕ್ಷೇಪಿಸ್ತಾರೇನೋ. ನನಗೆ ಆಗಲಿಲ್ಲ.

ಹೋದ ವರ್ಷ ನಾನು ಕಾರು ತಗೊಂಡಾಗ ಶೋರೂಮಿನ ಹುಡುಗ ಚಾಯ್ಸ್ ನಂಬರ್ ಬೇಕಾ ಸಾರ್ ಅಂದ. ಸರದಿಯಲ್ಲಿ ಬಂದದ್ದು ಕೊಡಿ ಅಂದೆ. ಬಂದದ್ದನ್ನು ಕೂಡಿದರೆ 8. ಅಮ್ಮನಿಗೆ ಫೋನಿನಲ್ಲೇ ಹೇಳಿದೆ, ಮುಚ್ಚಿಡಲಿಲ್ಲ. ಎರಡು ದಿನ ಮಾತು ಬಿಟ್ಟರು, ಮೂರನೇ ದಿನ ಶನಿವಾರ ಬೇಡ, ಸೋಮವಾರ ಊರಿಗೆ ತಗೊಂಡು ಬಾ ಅಂದರು. ಚಕ್ರಕ್ಕೆ ನಿಂಬೆಹಣ್ಣು ಇಟ್ಟಿದ್ದೂ ಆಯ್ತು. ಎಲ್ಲರೂ ಒಳಗೆ ಸೀಟು, ಎಸಿ, ಮ್ಯೂಸಿಕ್ ಸಿಸ್ಟಮ್ ನೋಡ್ತಿದ್ದರು. ದೊಡ್ಡಪ್ಪ ಮಾತ್ರ ಕೋಲೂರಿಕೊಂಡು ಹಿಂದಕ್ಕೆ ಹೋದರು. ಪ್ಲೇಟಿನ ಮುಂದೆ ನಿಂತು ನಂಬರನ್ನು ಎರಡು ಸಲ ಜೋರಾಗಿ ಓದಿದರು. 'ಸಲೀಸಾಗಿ ಕಾಣ್ತೈತಿ' ಅಂದರು. ಆಮೇಲೆ ನನ್ನ ಕಡೆ ತಿರುಗಿ, ನೋಡದೆ ಇನ್ನೊಂದು ಸಲ ಹೇಳಿದರು, ಸರಿಯಾಗಿತ್ತು.